ಮೈದಾನ ಬಿಡದವರು: ಹೈದರಾಬಾದ್ ಸಿಟಿ ಪೊಲೀಸ್ ತಂಡದ ಗಟ್ಟಿಗರನ್ನು ಕುರಿತು

ಹೈದರಾಬಾದಿನ ಹಳೆಯ ಫುಟ್‌ಬಾಲ್ ಅಭಿಮಾನಿಗಳ ನಡುವೆ ಇನ್ನೂ ತೀರ್ಮಾನವಾಗದ ಒಂದು ವ್ಯಾಜ್ಯವಿದೆ. ಸಿಟಿ ಪೊಲೀಸ್ ತಂಡದಲ್ಲಿ ಆಡಿದವರ ಪೈಕಿ ಎಲ್ಲರಿಗಿಂತ ಗಟ್ಟಿ ಆಸಾಮಿ ಯಾರು? ಒಬ್ಬರು ನೂರ್ ಮಹಮ್ಮದ್ ಎನ್ನುತ್ತಾರೆ, ಇನ್ನೊಬ್ಬರು ಅಜೀಜುದ್ದೀನ್ ಎನ್ನುತ್ತಾರೆ. ಅವರಿಗಿಂತ ಕಿರಿಯರಾದವರು ಯೂಸುಫ್ ಖಾನ್ ಹೆಸರು ಹಿಡಿದು ಕೂರುತ್ತಾರೆ. ಅವರಿಗೂ ಕಿರಿಯರಾದವರು ನಯೀಮುದ್ದೀನ್ ಇರುವಾಗ ಬೇರೆಯವರ ಮಾತೇಕೆ ಎಂದು ಕೇಳುತ್ತಾರೆ. ಈ ವಾದ ಮುಗಿಯದಿರುವುದಕ್ಕೆ ಆಟಗಾರರು ಕಾರಣರಲ್ಲ, ಅಳತೆಗೋಲು ಕಾರಣ. ಎದುರಾಳಿಯನ್ನು ಕೆಡವಿದವನು ಗಟ್ಟಿಗನೋ, ಕೆಡವಿಸಿಕೊಂಡೂ ಎದ್ದು ನಿಂತವನು ಗಟ್ಟಿಗನೋ ಎಂಬುದನ್ನು ಮೊದಲು ಗೊತ್ತು ಮಾಡಿಕೊಳ್ಳದೆ ಹೆಸರುಗಳನ್ನು ಮುಂದಿಟ್ಟರೆ ಚಹಾ ಆರುತ್ತದೆಯೇ ಹೊರತು ಚರ್ಚೆ ಮುಂದೆ ಹೋಗುವುದಿಲ್ಲ. ಈ ತಂಡದ ಚರಿತ್ರೆಯನ್ನು ನೋಡಿದರೆ ಎರಡನೆಯ ಅಳತೆಯೇ ಸರಿ ಎನಿಸುತ್ತದೆ. ಪೊಲೀಸ್ ತಂಡದ ಗಟ್ಟಿತನವೆಂದರೆ ಮೈದಾನ ಬಿಡದಿರುವುದು ಮತ್ತು ಚೆಂಡನ್ನು ಬಿಟ್ಟುಕೊಡದಿರುವುದು. ಅದು ಒಬ್ಬಿಬ್ಬರ ಮೈಕಟ್ಟಿನಿಂದ ಬಂದದ್ದಲ್ಲ, ಆ ತಂಡ ನಡೆದುಬಂದ ರೀತಿಯಿಂದ ಬಂದದ್ದು.

ತಂಡ ಹುಟ್ಟಿದ್ದು 1939ರಲ್ಲಿ, ನಿಜಾಮರ ಆಳ್ವಿಕೆಯ ಕಾಲದಲ್ಲಿ. 1943ರಲ್ಲಿ ಬೆಂಗಳೂರಿಗೆ ಹೋಗಿ ರಾಯಲ್ ಏರ್‌ಫೋರ್ಸ್ ತಂಡವನ್ನು ಸೋಲಿಸಿ ಆಶ್ ಗೋಲ್ಡ್ ಕಪ್ ಗೆದ್ದದ್ದು ಅದರ ಮೊದಲ ದೊಡ್ಡ ಹೆಜ್ಜೆ. ಅದೇ ವರ್ಷ ಸಯ್ಯದ್ ಅಬ್ದುಲ್ ರಹೀಮ್ ಹೈದರಾಬಾದ್ ಫುಟ್‌ಬಾಲ್ ಸಂಸ್ಥೆಯ ಕಾರ್ಯದರ್ಶಿಯಾದರು. ವೃತ್ತಿಯಿಂದ ಅವರು ಶಾಲಾ ಮೇಷ್ಟ್ರು. ಅವರು ಪಾಠ ಹೇಳಿದ ಶಾಲೆಗಳಲ್ಲಿ ಹೈದರಾಬಾದಿನ ಕಾಚಿಗುಡದ್ದೂ ಒಂದು. ಕನ್ನಡಿಗರು ನೆಲೆಯೂರಿದ ಕಾಚಿಗುಡ ಅದು ಎನ್ನುವುದನ್ನು ನಮ್ಮ ಓದುಗರಿಗೆ ನೆನಪಿಸಬೇಕಿಲ್ಲ. ರಹೀಮ್ ಅವರ ಕೈಯಲ್ಲಿ ಪಳಗಿದ ಪೊಲೀಸ್ ತಂಡ 1950ರಿಂದ 1954ರವರೆಗೆ ಸತತ ಐದು ವರ್ಷ ಬೊಂಬಾಯಿಯ ರೋವರ್ಸ್ ಕಪ್ ಗೆದ್ದಿತು. ಆ ಸಾಧನೆಯನ್ನು ಆಮೇಲೆ ಯಾವ ತಂಡವೂ ಸರಿಗಟ್ಟಲಿಲ್ಲ. ಡುರಾಂಡ್ ಕಪ್ 1950, 1954, 1957 ಮತ್ತು 1961ರಲ್ಲಿ ಬಂತು, ಕೊನೆಯದು ಆಂಧ್ರ ಪೊಲೀಸ್ ಎಂಬ ಹೊಸ ಹೆಸರಿನಲ್ಲಿ. ಮೊದಲ ಐದು ರೋವರ್ಸ್ ಗೆಲುವುಗಳ ಕಾಲಕ್ಕೆ ಬೀದರ, ಕಲಬುರಗಿ, ರಾಯಚೂರು ಇನ್ನೂ ಹೈದರಾಬಾದ್ ರಾಜ್ಯದಲ್ಲೇ ಇದ್ದವು. ಹಾಗಾಗಿ ಕಲ್ಯಾಣ ಕರ್ನಾಟಕದ ಓದುಗರಿಗೆ ಇದು ಪಕ್ಕದ ಮನೆಯ ಕಥೆಯಲ್ಲ, ತಮ್ಮದೇ ರಾಜ್ಯದ ತಂಡದ ಕಥೆ. 1954ರ ಡುರಾಂಡ್ ಫೈನಲ್‌ನಲ್ಲಿ ಎದುರು ನಿಂತದ್ದು ಬೆಂಗಳೂರಿನ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ತಂಡ ಎಂಬುದನ್ನೂ ಇಲ್ಲಿ ಸೇರಿಸಬೇಕು. ಒಂದು ಕಡೆ ಪೊಲೀಸರು, ಇನ್ನೊಂದು ಕಡೆ ವಿಮಾನ ಕಾರ್ಖಾನೆಯ ನೌಕರರು. ದೇಶದ ದೊಡ್ಡ ಕಪ್ಪಿಗೆ ದಕ್ಖನ್ನಿನ ಎರಡು ನೌಕರರ ತಂಡಗಳು ಸೆಣಸಿದ್ದವು.

ಈಗ ಅಳತೆಯ ಪ್ರಶ್ನೆ. ಇಂದಿನ ಅಭಿಮಾನಿಗೆ ಗಟ್ಟಿ ಆಟಗಾರ ಎಂದೊಡನೆ ಕಣ್ಣಿಗೆ ಕಟ್ಟುವುದು ಹಳದಿ ಕಾರ್ಡು, ಕೆಂಪು ಕಾರ್ಡು, ಟ್ಯಾಕಲ್‌ಗಳ ಎಣಿಕೆ. ಹಳದಿ, ಕೆಂಪು ಕಾರ್ಡುಗಳು ವಿಶ್ವಕಪ್ಪಿಗೆ ಬಂದದ್ದೇ 1970ರಲ್ಲಿ. ಬದಲಿ ಆಟಗಾರರು ವಿಶ್ವಕಪ್ಪಿನಲ್ಲಿ ಮೈದಾನಕ್ಕಿಳಿದದ್ದೂ ಅದೇ ವರ್ಷ ಮೊದಲು. ಅದಕ್ಕೂ ಹಿಂದೆ, ಅಂದರೆ ಸಿಟಿ ಪೊಲೀಸ್‌ನ ಉಚ್ಛ್ರಾಯದ ಕಾಲಪೂರ್ತಿ, ಆಟ ಶುರು ಮಾಡಿದ ಹನ್ನೊಂದು ಮಂದಿಯೇ ಅದನ್ನು ಮುಗಿಸಬೇಕಿತ್ತು. ಮಂಡಿ ತಿರುಚಿದವನು ಹೊರಗೆ ಹೋದರೆ ತಂಡ ಹತ್ತೇ ಜನರಲ್ಲಿ ಆಡಬೇಕು. ಆದ್ದರಿಂದ ಪೆಟ್ಟು ತಿಂದವನನ್ನು ವಿಂಗ್‌ನ ಮೂಲೆಗೆ ಕಳಿಸಿ, ಅಲ್ಲಿ ಕುಂಟುತ್ತಲಾದರೂ ನಿಂತಿರು ಎನ್ನುವುದು ಎಲ್ಲ ತಂಡಗಳ ವಾಡಿಕೆಯಾಗಿತ್ತು. ರಹೀಮ್ ಅವರೇ ತರಬೇತುದಾರರಾಗಿದ್ದ 1962ರ ಜಕಾರ್ತಾ ಏಷ್ಯನ್ ಕ್ರೀಡಾಕೂಟದಲ್ಲಿ ಪಂಜಾಬಿನ ಡಿಫೆಂಡರ್ ಜರ್ನೈಲ್ ಸಿಂಗ್ ಥಾಯ್ಲೆಂಡ್ ಪಂದ್ಯದಲ್ಲಿ ತಲೆಗೆ ಆರು ಹೊಲಿಗೆ ಹಾಕಿಸಿಕೊಂಡರು. ಮುಂದಿನ ಪಂದ್ಯಗಳಿಗೆ ಅವರನ್ನು ರಹೀಮ್ ಸೆಂಟರ್ ಫಾರ್ವರ್ಡ್ ಆಗಿ ನಿಲ್ಲಿಸಿದರು. ದಕ್ಷಿಣ ಕೊರಿಯಾ ವಿರುದ್ಧದ ಫೈನಲ್‌ನಲ್ಲಿ ಪಿ.ಕೆ. ಬ್ಯಾನರ್ಜಿ ಒಂದು, ಜರ್ನೈಲ್ ಒಂದು ಗೋಲು ಹೊಡೆದು ಭಾರತ 2-1ರಿಂದ ಚಿನ್ನ ಗೆದ್ದಿತು. ಜರ್ನೈಲ್ ಪೊಲೀಸ್ ತಂಡದವರಲ್ಲ, ನಿಜ. ಆದರೆ ಆ ನಿರ್ಧಾರದ ಹಿಂದಿದ್ದ ತಲೆ ಪೊಲೀಸ್ ತಂಡದ್ದು, ಮತ್ತು ಗಟ್ಟಿತನವೆಂದರೆ ಆ ತಲೆಗೆ ಏನು ಅರ್ಥವಾಗಿತ್ತು ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷ್ಯ ಸಿಗುವುದು ಕಷ್ಟ.

ಇನ್ನು ಬರಿಗಾಲು. 1950ರ ದಶಕದ ಆರಂಭದವರೆಗೂ ನಮ್ಮ ಆಟಗಾರರಲ್ಲಿ ಬಹುಪಾಲು ಜನ ಬೂಟಿಲ್ಲದೆ, ಕಣಕಾಲಿಗೆ ಬ್ಯಾಂಡೇಜ್ ಸುತ್ತಿಕೊಂಡು ಆಡುತ್ತಿದ್ದರು. ಬರಿಗಾಲಿನಲ್ಲಿ ಬೂಟಿನವನನ್ನು ತಡೆಯುವುದು ಹೇಗೆ ಎಂಬುದನ್ನು ತುಸು ಹತ್ತಿರದಿಂದ ನೋಡಬೇಕು. ಅಂಗಾಲು ಮುಂದೆ ಮಾಡಿ ಜಾರಿ ಬೀಳುವ ಟ್ಯಾಕಲ್ ಅವನ ಪಾಲಿಗಿಲ್ಲ. ಎದುರಿನವನ ಬೂಟಿನ ತಳದ ಮೊಳೆಗಳಿಗೆ ತಾನೇ ಪಾದ ಒಪ್ಪಿಸಿದಂತಾಗುತ್ತದೆ. ನೇರವಾಗಿ ನುಗ್ಗಿ ಇಬ್ಬರೂ ಒಟ್ಟಿಗೆ ಚೆಂಡಿಗೆ ಒದ್ದರೆ ಮುರಿಯುವುದು ಬರಿಗಾಲೇ. ಅವನಿಗೆ ಉಳಿದ ದಾರಿ ಒಂದೇ: ಪಕ್ಕದಿಂದ ಬಂದು, ಎದುರಾಳಿ ಚೆಂಡನ್ನು ಮುಂದಕ್ಕೆ ತಳ್ಳಿದ ಆ ಕ್ಷಣಾರ್ಧದಲ್ಲಿ, ಪಾದದ ಒಳಬದಿಯಿಂದ ಅದನ್ನು ಎಳೆದುಕೊಳ್ಳುವುದು. ಒಂದು ಕ್ಷಣ ಮುಂಚೆ ಹೋದರೆ ಮೋಸ ಹೋಗುತ್ತಾನೆ, ಒಂದು ಕ್ಷಣ ತಡವಾದರೆ ಆಸ್ಪತ್ರೆ ಸೇರುತ್ತಾನೆ. ಆದ್ದರಿಂದ ಆ ಕಾಲದ ಒಳ್ಳೆಯ ಬ್ಯಾಕ್ ಆಟಗಾರ ಒರಟನಾಗಿದ್ದಿರಲು ಸಾಧ್ಯವೇ ಇರಲಿಲ್ಲ, ಒರಟನಾಗಿದ್ದರೆ ಹೆಚ್ಚು ದಿನ ಆಡುತ್ತಿರಲಿಲ್ಲ. ಅಜೀಜುದ್ದೀನ್, ಮೊಯಿನುದ್ದೀನ್ ಮೊದಲಾದವರನ್ನು ನೆನೆಯುವಾಗ ಅವರನ್ನು ಗೂಳಿಗಳ ಹಾಗೆ ಚಿತ್ರಿಸುವ ಅಭಿಮಾನಿಗಳು ಈ ಸರಳ ದೇಹಶಾಸ್ತ್ರವನ್ನು ಮರೆಯುತ್ತಾರೆ.

ರಹೀಮ್ ಸಾಹೇಬರ ಪಾಠದ ಅರ್ಥ ಇಲ್ಲಿ ಬಿಚ್ಚಿಕೊಳ್ಳುತ್ತದೆ. ಡ್ರಿಬಲ್ ಮಾಡುವುದನ್ನೇ ನಿಷೇಧಿಸಿದ ಪಂದ್ಯಾವಳಿಗಳನ್ನು ಅವರು ಹೈದರಾಬಾದಿನಲ್ಲಿ ನಡೆಸುತ್ತಿದ್ದರು. ಬರದ ಕಾಲಲ್ಲೂ, ಅಂದರೆ ಬಲಗಾಲಿನವನು ಎಡಗಾಲಲ್ಲೂ, ಪಾಸ್ ಮಾಡುವುದನ್ನು ಕಲಿಸುತ್ತಿದ್ದರು. ಹುಡುಗರಿಗೆ ಎತ್ತರದ ಅಳತೆಯ ಮೇಲೆ ಪ್ರತ್ಯೇಕ ಪಂದ್ಯಗಳನ್ನು ಏರ್ಪಡಿಸುತ್ತಿದ್ದರು. ಇದನ್ನೆಲ್ಲ ಸಾಮಾನ್ಯವಾಗಿ ಸೊಗಸಿನ ಆಟದ ಲೆಕ್ಕಕ್ಕೆ ಬರೆಯುತ್ತಾರೆ: ಹೈದರಾಬಾದಿನದು ಪಾಸಿಂಗ್ ಆಟ, ನಾಜೂಕಿನ ಆಟ ಎಂದು. ನನ್ನ ಎಣಿಕೆಯಲ್ಲಿ ಇದು ಮೊದಲಿಗೆ ರಕ್ಷಣೆಯ ಪಾಠ. ಚೆಂಡು ಕಾಲಲ್ಲಿ ಹೆಚ್ಚು ಹೊತ್ತು ನಿಂತಷ್ಟೂ ಬೂಟು ಹತ್ತಿರ ಬರುತ್ತದೆ. ಒಂದೇ ಮುಟ್ಟಿಗೆ ಚೆಂಡು ಸಾಗಿಸಿದವನ ಕಾಲಿಗೆ ಬೀಳಬೇಕಾದ ಒದೆ ಗಾಳಿಗೆ ಬೀಳುತ್ತದೆ. ದೈತ್ಯರಂಥ ಸೈನಿಕರ ತಂಡಗಳನ್ನು ಎದುರಿಸಬೇಕಾಗಿದ್ದ ಸಣ್ಣ ಮೈಯ ಹುಡುಗರಿಗೆ ಮೇಷ್ಟ್ರು ಕೊಟ್ಟ ಕವಚ ಅದು. ಹಾಗೆ ನೋಡಿದರೆ ಪೊಲೀಸ್ ತಂಡದಲ್ಲಿ ನಾಜೂಕು ಬೇರೆ, ಗಟ್ಟಿತನ ಬೇರೆ ಎಂದು ಇರಲಿಲ್ಲ. ಪಾಸ್ ಕೊಟ್ಟು, ಮತ್ತೆ ಓಡಿ, ಮತ್ತೆ ಪಾಸ್ ತೆಗೆದುಕೊಳ್ಳಲು ಮೈ ಎಷ್ಟು ದಣಿಯಬೇಕು ಎಂಬುದನ್ನು ಆಡಿದವರು ಬಲ್ಲರು. ನಿಂತಲ್ಲೇ ನಿಂತು ಒದೆಯುವುದು ಅದಕ್ಕಿಂತ ಎಷ್ಟೋ ಸಲೀಸು.

ಇದಕ್ಕೆ ಬರುವ ಮೊದಲ ಆಕ್ಷೇಪಣೆ ಖಾಕಿಯದು. ಪೊಲೀಸರ ತಂಡವೆಂದ ಮೇಲೆ ಎದುರಿನವರು ಹೆದರದಿರುತ್ತಾರೆಯೇ, ರೆಫರಿ ಸೀಟಿ ಊದಲು ಹಿಂಜರಿಯದಿರುತ್ತಾನೆಯೇ ಎಂದು ಬೇರೆ ತಂಡಗಳ ಅಭಿಮಾನಿಗಳು ಕೊಂಕು ನುಡಿಯುವುದುಂಟು. ಊರೊಳಗಿನ ಲೀಗ್ ಪಂದ್ಯಗಳ ಮಟ್ಟಿಗೆ ಈ ಮಾತನ್ನು ತಳ್ಳಿಹಾಕಲು ನನ್ನಲ್ಲಿ ಆಧಾರವಿಲ್ಲ, ಒಪ್ಪಿಕೊಳ್ಳಲೂ ಇಲ್ಲ. ಆದರೆ ಈ ತಂಡದ ಕೀರ್ತಿ ಊರೊಳಗಿನದಲ್ಲ. ರೋವರ್ಸ್ ನಡೆಯುತ್ತಿದ್ದುದು ಬೊಂಬಾಯಿಯಲ್ಲಿ, ಡುರಾಂಡ್ ನಡೆಯುತ್ತಿದ್ದುದು ದಿಲ್ಲಿಯಲ್ಲಿ. ಅಲ್ಲಿ ಹೈದರಾಬಾದಿನ ಕಾನ್‌ಸ್ಟೇಬಲನಿಗೆ ಯಾರೂ ಸಲಾಮು ಹೊಡೆಯುವುದಿಲ್ಲ. ಸ್ವಾತಂತ್ರ್ಯಾನಂತರದ ಮೊದಲ ಡುರಾಂಡ್ ಫೈನಲ್ 1950ರಲ್ಲಿ ಮೋಹನ್ ಬಗಾನ್ ವಿರುದ್ಧ 2-2ರಲ್ಲಿ ನಿಂತು, ಮರುಪಂದ್ಯದಲ್ಲಿ 1-0ರಿಂದ ಇತ್ಯರ್ಥವಾಯಿತು. ಬಂಗಾಳದ ಅಷ್ಟು ದೊಡ್ಡ ತಂಡವನ್ನು ಒಂದಲ್ಲ, ಎರಡು ಪಂದ್ಯಗಳ ಉದ್ದಕ್ಕೂ ಹಿಡಿದು ನಿಲ್ಲಿಸುವುದು ಸಮವಸ್ತ್ರದಿಂದ ಆಗುವ ಕೆಲಸವಲ್ಲ. ಆಕ್ಷೇಪಣೆಯ ಇನ್ನೊಂದು ರೂಪ ಇದಕ್ಕಿಂತ ಗಂಭೀರವಾದದ್ದು: ಗಟ್ಟಿತನ ಬಂದದ್ದು ಪೊಲೀಸ್ ಕವಾಯತಿನಿಂದ, ರಹೀಮರಿಂದಲ್ಲ. ಕವಾಯತು ಮೈಗೆ ಕಸುವು ಕೊಟ್ಟಿತೆಂಬುದು ನಿಜ. ಅದಕ್ಕಿಂತ ಮುಖ್ಯವಾಗಿ, ಇಲಾಖೆಯ ನೌಕರಿ ತಿಂಗಳ ಸಂಬಳ ಕೊಟ್ಟಿತು; ಕಾಲು ಮುರಿದರೂ ಮನೆ ನಡೆಯುತ್ತದೆ ಎಂಬ ಧೈರ್ಯ ಕೊಟ್ಟಿತು. ವರ್ಷಗಟ್ಟಲೆ ಒಂದೇ ತಂಡ ಕೂಡಿ ಆಡಲು ಅದು ಅನುವು ಮಾಡಿತು. ಆದರೆ ಕವಾಯತು ದೇಶದ ಎಲ್ಲ ಪೊಲೀಸ್ ಪಡೆಗಳಲ್ಲೂ ಇತ್ತು. ಸತತ ಐದು ರೋವರ್ಸ್ ಬಂದದ್ದು ಹೈದರಾಬಾದಿಗೆ ಮಾತ್ರ. ಎರಡೂ ಸೇರದೆ ಈ ತಂಡ ಆಗುತ್ತಿರಲಿಲ್ಲ ಎನ್ನುವುದೇ ನ್ಯಾಯ.

ಎರಡನೆಯ ಆಕ್ಷೇಪಣೆ ಹೆಲ್ಸಿಂಕಿಯದು. 1952ರ ಒಲಿಂಪಿಕ್ಸ್‌ನಲ್ಲಿ ಭಾರತ ಯುಗೊಸ್ಲಾವಿಯಾಕ್ಕೆ 10-1ರಿಂದ ಸೋತಿತು. ಆ ತಂಡದಲ್ಲಿ ನೂರ್ ಮಹಮ್ಮದ್, ಅಜೀಜುದ್ದೀನ್, ಮೊಯಿನುದ್ದೀನ್, ಲಾಯಿಕ್ ಎಲ್ಲ ಇದ್ದರು. ಅಷ್ಟು ಗಟ್ಟಿಗರಾಗಿದ್ದರೆ ಹತ್ತು ಗೋಲು ಹೇಗೆ ಬಿಟ್ಟರು? ಚಳಿ, ಒದ್ದೆ ಹುಲ್ಲು, ಬರಿಗಾಲು ಎಂದು ಹೇಳಿ ಜಾರಿಕೊಳ್ಳಬಹುದು. ಅದರಲ್ಲಿ ಸತ್ಯವೂ ಇದೆ, ಆ ಸೋಲಿನ ಬಳಿಕವೇ ಅಖಿಲ ಭಾರತ ಫುಟ್‌ಬಾಲ್ ಫೆಡರೇಷನ್ ಬೂಟು ಕಡ್ಡಾಯ ಮಾಡಿದ್ದು. ಆದರೆ ಹತ್ತು ಗೋಲಿನ ಅಷ್ಟೂ ಭಾರವನ್ನು ಬೂಟಿನ ಮೇಲೆ ಹೊರಿಸುವುದು ಅತಿಯಾಯಿತು. ಯುರೋಪಿನ ಆಟದ ವೇಗ ನಮ್ಮವರಿಗೆ ಹೊಸದು. ಅದಕ್ಕೆ ಜೋಡಿಸಿ ಹೇಳುವ ಇನ್ನೊಂದು ಕಾರಣವನ್ನು ಮಾತ್ರ ನಾನು ಪೂರ್ತಿ ಒಪ್ಪಲಾರೆ. ನಮ್ಮ ದೇಶದೊಳಗಿನ ಪಂದ್ಯಗಳು ಬಹುಕಾಲ 70 ನಿಮಿಷದವು, ಆದ್ದರಿಂದ ನಮ್ಮವರ ಗಟ್ಟಿತನವೂ 70 ನಿಮಿಷದ್ದು ಎಂಬ ವಾದ ಅದು. ನಾಲ್ಕು ವರ್ಷಗಳ ಬಳಿಕ ಮೆಲ್ಬರ್ನ್‌ನಲ್ಲಿ ಅದೇ ಯುಗೊಸ್ಲಾವಿಯಾ ಸೆಮಿಫೈನಲ್‌ನಲ್ಲಿ ಎದುರಾಯಿತು. ವಿರಾಮದವರೆಗೆ ಯಾರೂ ಗೋಲು ಹೊಡೆಯಲಿಲ್ಲ, ಆಮೇಲೆ ನೆವಿಲ್ ಡಿಸೋಜ ಭಾರತಕ್ಕೆ ಮುನ್ನಡೆ ತಂದರು, ಕೊನೆಗೆ 4-1ರಿಂದ ಸೋಲಾಯಿತು. ಆ ನಾಲ್ಕರಲ್ಲಿ ಮೂರು ಗೋಲು 70ನೇ ನಿಮಿಷಕ್ಕೆ ಮೊದಲೇ ಬಂದವು. ಉಸಿರು ಕಟ್ಟಿ ಸೋತದ್ದಲ್ಲ, ಮೇಲ್ಮಟ್ಟದ ಆಟಕ್ಕೆ ಸೋತದ್ದು. ಹತ್ತು ಗೋಲು ತಿಂದಿದ್ದ ದೇಶ ನಾಲ್ಕೇ ವರ್ಷದಲ್ಲಿ ಅದೇ ಎದುರಾಳಿಯ ಮುಂದೆ ಅರ್ಧ ಪಂದ್ಯ ಸಮಬಲ ಕಾದುಕೊಂಡು, ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯ ಸ್ಥಾನ ಪಡೆಯಿತು. ಹೆಲ್ಸಿಂಕಿಯನ್ನು ಎತ್ತಿ ಆಡುವವರು ಮೆಲ್ಬರ್ನನ್ನೂ ಲೆಕ್ಕಕ್ಕೆ ಹಿಡಿಯಬೇಕು.

ಎರಡೂ ಕಡೆ ಇದ್ದವರು ನೂರ್ ಮಹಮ್ಮದ್. ನನ್ನ ಪಟ್ಟಿಯಲ್ಲಿ ಅವರು ಮೊದಲಿಗರಾಗುವುದು ಈ ಕಾರಣಕ್ಕೇ. ಹಾಫ್ ಆಟಗಾರನ ಕೆಲಸ ಆ ಕಾಲದಲ್ಲಿ ಅತ್ಯಂತ ದಣಿವಿನದು: ಎದುರಾಳಿಯ ಫಾರ್ವರ್ಡ್ ಬಂದಾಗ ಹಿಂದೆ, ನಮ್ಮವರು ನುಗ್ಗಿದಾಗ ಮುಂದೆ, ನಡುವೆ ಬಿದ್ದ ಚೆಂಡೆಲ್ಲ ಅವನದೇ. ಬರಿಗಾಲಿನ ಕಾಲದಲ್ಲಿ ಆಡಿ, ಬೂಟಿನ ಕಾಲಕ್ಕೆ ಕಾಲು ಒಗ್ಗಿಸಿಕೊಂಡು, ಎರಡು ಒಲಿಂಪಿಕ್ಸ್ ಆಡಿ, ಡುರಾಂಡ್, ರೋವರ್ಸ್ ಗೆದ್ದ ತಂಡದ ನಡುಗಂಬವಾಗಿ ನಿಂತವರು ಅವರು. ಅಜೀಜುದ್ದೀನರೂ ಎರಡು ಒಲಿಂಪಿಕ್ಸ್ ಕಂಡವರೇ, ಅವರನ್ನು ಮುಂದಿಡುವವರ ಜೊತೆ ನಾನು ಜಗಳಕ್ಕೆ ಹೋಗುವುದಿಲ್ಲ. ಆದರೆ ಬ್ಯಾಕ್‌ಗಿಂತ ಹಾಫ್ ಓಡಬೇಕಾದ ದೂರ ಹೆಚ್ಚು ಎಂಬ ಒಂದೇ ಕಾರಣಕ್ಕೆ ತಕ್ಕಡಿ ನೂರ್ ಕಡೆ ವಾಲುತ್ತದೆ. ಮೆಲ್ಬರ್ನ್‌ನ ಹಾಫ್ ಸಾಲಿನಲ್ಲಿ ಅವರ ಜೊತೆಗಾರರಾಗಿದ್ದವರು ಮೈಸೂರು ಸೀಮೆಯಿಂದ ಬಂದ ಕೆಂಪಯ್ಯ ಎಂಬುದನ್ನು ಕನ್ನಡದ ಸಂಚಿಕೆಯಲ್ಲಿ ಹೇಳದೆ ಬಿಡುವುದು ತಪ್ಪಾದೀತು.

ಯೂಸುಫ್ ಖಾನ್ ಎರಡನೆಯವರು. ಈ ಕ್ರಮವನ್ನು ಒಪ್ಪದವರ ವಾದಕ್ಕೆ ಬಲವಿದೆ. ಹಾಫ್, ಫಾರ್ವರ್ಡ್, ವಿಂಗ್ ಎನ್ನದೆ ಕೊಟ್ಟ ಜಾಗದಲ್ಲೆಲ್ಲ ಆಡಿದವರು ಅವರು. 1960ರ ರೋಮ್ ಒಲಿಂಪಿಕ್ಸ್, 1962ರ ಜಕಾರ್ತಾ ಫೈನಲ್ ಎರಡರಲ್ಲೂ ಇದ್ದರು. 1966ರಲ್ಲಿ ಅರ್ಜುನ ಪ್ರಶಸ್ತಿ ಬಂತು. ಆಡುವ ದಿನಗಳಲ್ಲೇ ಎರಡು ಸಲ ತಲೆಗೆ ಗಂಭೀರ ಪೆಟ್ಟಾಯಿತು, ಮುಂದೆ ಪಾರ್ಕಿನ್ಸನ್ ಕಾಯಿಲೆ ಕಾಡಿತು, 2006ರಲ್ಲಿ ತೀರಿಕೊಂಡರು. ಆ ಪೆಟ್ಟಿಗೂ ಆ ಕಾಯಿಲೆಗೂ ನಂಟು ಹೆಣೆಯುವುದು ವೈದ್ಯರ ಕೆಲಸ, ಅಭಿಮಾನಿಯದಲ್ಲ. ಆದರೆ ಅಂದಿನ ಚೆಂಡು ಇಂದಿನದಲ್ಲ ಎಂಬುದು ನೆನಪಿರಲಿ: ತೊಗಲಿನದು, ಮಳೆಯಲ್ಲಿ ನೀರು ಕುಡಿದು ಭಾರವಾಗುವಂಥದು, ಬಾಯಿಗೆ ದಾರ ಹೊಲಿದದ್ದು; ಆ ಹೊಲಿಗೆಯ ಕಡೆ ಹಣೆಗೆ ಬಿದ್ದರೆ ಚರ್ಮ ಕಿತ್ತುಬರುತ್ತಿತ್ತು. ಗಟ್ಟಿತನವನ್ನು ಹಾಡಿ ಹೊಗಳುವಾಗ ಅದಕ್ಕೆ ತೆತ್ತ ಬೆಲೆಯನ್ನೂ ಅದೇ ಉಸಿರಿನಲ್ಲಿ ಹೇಳದಿದ್ದರೆ ಆ ಹೊಗಳಿಕೆ ಕ್ರೂರವಾಗುತ್ತದೆ. ಯೂಸುಫ್ ಅವರನ್ನು ಎರಡನೆಯ ಸ್ಥಾನಕ್ಕಿಡುವಾಗ ನನಗೆ ಇರುವ ಹಿಂಜರಿಕೆಯೂ ಇದೇ: ಪೆಟ್ಟು ತಿಂದವರಲ್ಲಿ ಮೊದಲಿಗರೆಂದು ಬಿರುದು ಕೊಡುವುದು ಮನಸ್ಸಿಗೆ ಒಗ್ಗುವುದಿಲ್ಲ.

ನಯೀಮುದ್ದೀನ್, ಹಬೀಬ್ ಅವರ ಸಂಗತಿ ಬೇರೆ. ನಯೀಮ್ ಪೊಲೀಸ್ ತಂಡದಲ್ಲಿ ಆಡಿ ಕಲ್ಕತ್ತಕ್ಕೆ ಹೋದವರು, 1970ರ ಬ್ಯಾಂಕಾಕ್ ಏಷ್ಯನ್ ಕ್ರೀಡಾಕೂಟದಲ್ಲಿ ಕಂಚು ಗೆದ್ದ ಭಾರತದ ನಾಯಕರು, ಆಮೇಲೆ ತರಬೇತುದಾರರಾಗಿ ದ್ರೋಣಾಚಾರ್ಯ, ಆಟಗಾರರಾಗಿ ಅರ್ಜುನ ಎರಡೂ ಪಡೆದವರು. ಕಲ್ಕತ್ತದಲ್ಲಿ ‘ಬಡೇ ಮಿಯಾ’ ಎಂದೇ ಹೆಸರಾದ ಮಹಮ್ಮದ್ ಹಬೀಬ್ 1965-66ರಲ್ಲಿ ಸಂತೋಷ್ ಟ್ರೋಫಿ ಗೆದ್ದ ಆಂಧ್ರ ತಂಡದಲ್ಲಿದ್ದರು. 1977ರ ಸೆಪ್ಟೆಂಬರ್‌ನಲ್ಲಿ ಪೆಲೆ ಆಡಿದ ಕಾಸ್ಮೋಸ್ ತಂಡದ ವಿರುದ್ಧ ಈಡನ್ ಗಾರ್ಡನ್ಸ್‌ನಲ್ಲಿ ಮೋಹನ್ ಬಗಾನ್ ಪರವಾಗಿ ಗೋಲು ಹೊಡೆದವರು. ಇವರಿಬ್ಬರ ಗಟ್ಟಿತನ ಪ್ರಶ್ನಾತೀತ. ಆದರೆ ಅವರ ಬೆವರು ಹೆಚ್ಚಾಗಿ ಹರಿದದ್ದು ಬಂಗಾಳದ ಮೈದಾನಗಳಲ್ಲಿ. ಊರಿನ ಗಟ್ಟಿಗರ ಪಟ್ಟಿ ಮಾಡಿದರೆ ಅವರು ಮೊದಲ ಐವರಲ್ಲಿ ಬರುತ್ತಾರೆ. ತಂಡದ ಪಟ್ಟಿ ಮಾಡಿದರೆ ಅವರಿಗೆ ಜಾಗ ಕೊಡುವುದು ಪ್ರೀತಿಯ ಮಾತಾಗುತ್ತದೆ, ಲೆಕ್ಕದ ಮಾತಲ್ಲ. ಅವರು ಹೋದದ್ದನ್ನು ದೂರುವಂತೆಯೂ ಇಲ್ಲ. ರಹೀಮ್ 1963ರ ಜೂನ್ 11ರಂದು ಶ್ವಾಸಕೋಶದ ಕ್ಯಾನ್ಸರ್‌ನಿಂದ ತೀರಿಕೊಂಡರು. ಅದೇ ವರ್ಷ ತಂಡ ಇನ್ನೊಂದು ರೋವರ್ಸ್ ಗೆದ್ದಿತು, ಡುರಾಂಡ್ ಫೈನಲ್‌ಗೂ ಹೋಯಿತು. ಆಮೇಲೆ ಒಂದೊಂದೇ ಕಪ್ಪು ಕೈತಪ್ಪುತ್ತ ಹೋಯಿತು. ಕಾನ್‌ಸ್ಟೇಬಲ್ ಸಂಬಳ ಕಲ್ಕತ್ತದ ಕ್ಲಬ್ಬುಗಳ ಹಣದ ಮುಂದೆ ನಿಲ್ಲುವಂತಿರಲಿಲ್ಲ, ಕಲಿಸುವ ಮೇಷ್ಟ್ರೂ ಇರಲಿಲ್ಲ.

ಹೊಸ ಪೀಳಿಗೆಯ ಅಭಿಮಾನಿಗೆ ಇದೆಲ್ಲ ಅಜ್ಜನ ಕಾಲದ ಮಾತು. ಅವನ ಹೆಮ್ಮೆ 2022ರ ಮಾರ್ಚ್‌ನಲ್ಲಿ ಐಎಸ್‌ಎಲ್ ಗೆದ್ದ ಹೈದರಾಬಾದ್ ಎಫ್‌ಸಿ. ಅವನ ಗಟ್ಟಿಗ, ಆ ಫೈನಲ್‌ನ ಪೆನಾಲ್ಟಿಗಳಲ್ಲಿ ಮೂರನ್ನು ತಡೆದ ಗೋಲಿ ಲಕ್ಷ್ಮೀಕಾಂತ ಕಟ್ಟಿಮನಿ. ಆ ಹೆಮ್ಮೆಯನ್ನು ಅಲ್ಲಗಳೆಯಬೇಕಿಲ್ಲ. ಒಂದು ವ್ಯತ್ಯಾಸವನ್ನಷ್ಟೇ ಗುರುತಿಸಬೇಕು: ಕಟ್ಟಿಮನಿಯ ಮೂರು ತಡೆಗಳನ್ನು ಯಾರು ಬೇಕಾದರೂ ಈಗಲೂ ನೋಡಬಹುದು, ನೂರ್ ಮಹಮ್ಮದರ ಒಂದು ಟ್ಯಾಕಲನ್ನೂ ನಾವು ನೋಡಲಾರೆವು. ಹಳಬರ ಪರವಾಗಿ ಮಾತಾಡಲು ಉಳಿದಿರುವುದು ಫಲಿತಾಂಶದ ಪಟ್ಟಿ, ಹಳೆಯ ಪತ್ರಿಕೆಗಳ ಕೆಲವು ಸಾಲು ಮತ್ತು ಕೇಳಿದವರ ನೆನಪು.

ಆ ನೆನಪೂ ಬೇಗ ಬೇಗ ಬರಿದಾಗುತ್ತಿದೆ. ಮೆಲ್ಬರ್ನ್‌ಗೆ ಹೋಗಿದ್ದ ಹೈದರಾಬಾದಿನ ಜುಲ್ಫಿಕಾರುದ್ದೀನ್ 2019ರಲ್ಲಿ ಹೋದರು. ಅದೇ ತಂಡದ ಅಹ್ಮದ್ ಹುಸೇನ್ 2021ರ ಏಪ್ರಿಲ್‌ನಲ್ಲಿ ಬೆಂಗಳೂರಿನಲ್ಲಿ ಕೋವಿಡ್‌ಗೆ ಬಲಿಯಾದರು. ರಹೀಮ್ ಅವರ ಮಗ, ರೋಮ್ ಒಲಿಂಪಿಕ್ಸ್ ತಂಡದಲ್ಲಿದ್ದ ಎಸ್.ಎಸ್. ಹಕೀಮ್, ಅದೇ ವರ್ಷದ ಆಗಸ್ಟ್ 22ರಂದು ಕಲಬುರಗಿಯ ಆಸ್ಪತ್ರೆಯಲ್ಲಿ ಕೊನೆಯುಸಿರೆಳೆದರು. ಹೈದರಾಬಾದಿನಲ್ಲಿ, ಕಲಬುರಗಿ, ಬೀದರ, ರಾಯಚೂರುಗಳಲ್ಲಿ ಈ ತಂಡದ ಆಟ ನೋಡಿದ ಹಿರಿಯರು ಯಾರ ಮನೆಯಲ್ಲಾದರೂ ಇದ್ದರೆ, ಪಂದ್ಯದ ಫೋಟೊ, ಟಿಕೆಟ್ಟು, ಉರ್ದು ಪತ್ರಿಕೆಯ ಕತ್ತರಿಕೆ ಟ್ರಂಕಿನ ತಳದಲ್ಲಿದ್ದರೆ, ಫೋಟೊದ ಹಿಂದೆ ಯಾರು ಯಾರೆಂದು ಹೆಸರು ಬರೆಸಿ, ಹಿರಿಯರ ಮಾತನ್ನು ಫೋನಿನಲ್ಲಾದರೂ ದಾಖಲಿಸಿಕೊಂಡು ಇಟ್ಟುಕೊಳ್ಳಬೇಕೆಂದು ಈ ಸಂಚಿಕೆಯ ಓದುಗರನ್ನು ಕೇಳಿಕೊಳ್ಳುತ್ತೇನೆ. ನೂರ್ ಮೊದಲೋ ಯೂಸುಫ್ ಮೊದಲೋ ಎಂಬ ನನ್ನ ತೀರ್ಪನ್ನು ತಿದ್ದುವ ಸಾಕ್ಷ್ಯ ಅಲ್ಲೇ ಎಲ್ಲೋ ಇರಬಹುದು.